ನೆರೆ ನೀರಲ್ಲಿ ಈಜು ಕೆಲಸಕ್ಕೆ ಬರುತ್ತದೆಯೇ? ಆಫ್ರಿಕಾದ ಶಾಲೆಗಳಲ್ಲಿ ಶುರುವಾಗಿರುವ ಹೊಸ ಪಾಠದ ಸುತ್ತ

2025ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಮ್ತಾಥಾ ಪಟ್ಟಣದ ಹತ್ತಿರ ಶಾಲಾ ಮಕ್ಕಳಿದ್ದ ಮಿನಿಬಸ್ಸೊಂದು ನೆರೆ ನೀರಿನಲ್ಲಿ ಕೊಚ್ಚಿಹೋಯಿತು. ಮರ ಹಿಡಿದುಕೊಂಡಿದ್ದ ಮೂವರು ಮಕ್ಕಳು ಜೀವಂತ ಸಿಕ್ಕರು. ಆ ನೆರೆಯಲ್ಲಿ ಒಟ್ಟು ನೂರಕ್ಕೂ ಹೆಚ್ಚು ಜನ ಸತ್ತರು.

ಇದಕ್ಕೆ ಆರು ತಿಂಗಳ ಮುಂಚೆ, 2024ರ ಡಿಸೆಂಬರ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ನೀರಿನಲ್ಲಿ ಮುಳುಗಿ ಆಗುವ ಸಾವುಗಳ ಬಗ್ಗೆ ದೊಡ್ಡ ವರದಿ ಹೊರತಂದಿತ್ತು. 2000ದಿಂದ 2021ರವರೆಗೆ ಇಂಥ ಸಾವಿನ ಪ್ರಮಾಣ ಯುರೋಪಿನಲ್ಲಿ ಶೇ 68ರಷ್ಟು ಇಳಿದಿದೆ. ಆಫ್ರಿಕಾದಲ್ಲಿ ಇಳಿದದ್ದು ಬರೀ ಶೇ 3. ಪ್ರತಿ ಲಕ್ಷ ಜನರಿಗೆ 5.6 ಸಾವು ಆಫ್ರಿಕಾ ವಲಯದ ಲೆಕ್ಕ, ಜಗತ್ತಿನಲ್ಲೇ ಅತಿ ಹೆಚ್ಚು. ಪರಿಹಾರವಾಗಿ ಸಂಸ್ಥೆ ಹೇಳುವ ಕ್ರಮಗಳಲ್ಲಿ ಒಂದು, ಶಾಲಾ ವಯಸ್ಸಿನ ಮಕ್ಕಳಿಗೆ ಜೀವ ಉಳಿಸಿಕೊಳ್ಳುವಷ್ಟು ಈಜು ಕಲಿಸುವುದು. ಹವಾಮಾನ ಬದಲಾವಣೆಯಿಂದ ಬರುವ ವಿಪತ್ತುಗಳಿಗೆ ಊರನ್ನು ಸಜ್ಜು ಮಾಡುವ ಕೆಲಸದಲ್ಲಿ ಈ ಪಾಠಕ್ಕೂ ಜಾಗ ಬೇಕು ಎಂಬ ಮಾತು ಈಗ ಕೇಳಿಬರುತ್ತಿದೆ.

ಓದುಗರಿಗೆ ಗೊಂದಲ ಆಗುವುದು ಇಲ್ಲೇ. ಬಸ್ಸನ್ನೇ ಎತ್ತಿ ಒಯ್ಯುವ ನೀರಿನಲ್ಲಿ ಮಗು ಈಜೀತೇ? ಸೇತುವೆ, ಒಡ್ಡು, ಎಚ್ಚರಿಕೆ ವ್ಯವಸ್ಥೆ ಕೊಡಬೇಕಾದ ಕಡೆ ಈಜು ಕಲಿಸಿ ಕೈತೊಳೆದುಕೊಳ್ಳುವ ಉಪಾಯವೇ ಇದು? ಎರಡೂ ನ್ಯಾಯವಾದ ಪ್ರಶ್ನೆಗಳು. ಉತ್ತರ ಸಿಗಬೇಕಾದರೆ ಯಾರು, ಎಲ್ಲಿ, ಹೇಗೆ ಮುಳುಗಿ ಸಾಯುತ್ತಾರೆ ಅನ್ನುವುದನ್ನು ಮೊದಲು ನೋಡಬೇಕು.

ಲೆಕ್ಕಕ್ಕೇ ಸೇರದ ಸಾವುಗಳು

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು ಎಂದು ವರದಿ ಅಂದಾಜು ಮಾಡಿದೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಾವುಗಳು ಬಡ ಮತ್ತು ಮಧ್ಯಮ ಆದಾಯದ ದೇಶಗಳವು. ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳದು.

ಈ 3 ಲಕ್ಷದಲ್ಲಿ ನೆರೆಯಲ್ಲಿ ಸತ್ತವರು ಸೇರಿಲ್ಲ. ದೋಣಿ, ಹಡಗು ಮುಳುಗಿ ಸತ್ತವರೂ ಸೇರಿಲ್ಲ. ಸಾವಿನ ಕಾರಣಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ನೆರೆಯ ಸಾವು 'ಪ್ರಕೃತಿ ವಿಕೋಪ'ದ ಖಾತೆಗೆ ಹೋಗುತ್ತದೆ, ದೋಣಿಯ ಸಾವು 'ಸಾರಿಗೆ ಅಪಘಾತ'ದ ಖಾತೆಗೆ. ಕೆರೆಗೋ ಬಾವಿಗೋ ಆಕಸ್ಮಿಕವಾಗಿ ಬಿದ್ದವರು ಮಾತ್ರ 'ಮುಳುಗಿ ಸಾವು' ಎಂಬ ಪಟ್ಟಿಯಲ್ಲಿ ಉಳಿಯುತ್ತಾರೆ. ಆದರೆ ನೆರೆಯಲ್ಲಿ ಸಾಯುವವರಲ್ಲಿ ಶೇ 75ರಷ್ಟು ಜನ ಸಾಯುವುದು ಮುಳುಗಿಯೇ ಎಂದು ಅದೇ ಸಂಸ್ಥೆ ಹೇಳುತ್ತದೆ.

ಪರಿಣಾಮ ಏನಾಗುತ್ತದೆ ನೋಡಿ. ನೈಜೀರಿಯಾದ ಅನಂಬ್ರಾ ರಾಜ್ಯದಲ್ಲಿ 2022ರ ಅಕ್ಟೋಬರ್‌ನಲ್ಲಿ ನೆರೆಯಿಂದ ಪಾರಾಗಲು ಸುಮಾರು 85 ಜನ ಒಂದೇ ದೋಣಿ ಹತ್ತಿದರು. ದೋಣಿ ಮಗುಚಿ ಕನಿಷ್ಠ 76 ಜನ ಸತ್ತರು. ಅವರ ಸಾವು ಆರೋಗ್ಯ ಇಲಾಖೆಯ ಕಣ್ಣಿಗೆ ಮುಳುಗಿ ಸತ್ತದ್ದಲ್ಲ. ವಿಪತ್ತು ನಿರ್ವಹಣೆಯವರ ಕಣ್ಣಿಗೆ ಅದು ದೋಣಿ ಅಪಘಾತ. ಸಾರಿಗೆ ಇಲಾಖೆಯವರಿಗೆ ಅದು ನೆರೆ. ಮೂರು ಇಲಾಖೆಗಳಲ್ಲಿ ಯಾರೂ ಇದನ್ನು ತಮ್ಮ ಹೊಣೆ ಎಂದುಕೊಳ್ಳುವುದಿಲ್ಲ. ಆಫ್ರಿಕಾ ವಲಯದ ದೇಶಗಳಲ್ಲಿ ಮುಳುಗಿ ಸಾಯುವುದನ್ನು ತಡೆಯುವ ರಾಷ್ಟ್ರೀಯ ಯೋಜನೆ ಇರುವುದು ಶೇ 15ರಷ್ಟು ದೇಶಗಳಲ್ಲಿ ಮಾತ್ರ. ಸಾವು ಯಾವ ಖಾತೆಗೂ ಸರಿಯಾಗಿ ಬೀಳದಿದ್ದಾಗ ಅದಕ್ಕೆ ಹಣವೂ ಬೀಳುವುದಿಲ್ಲ ಅಲ್ವಾ? ಹಳ್ಳಿಗಳಲ್ಲಂತೂ ಹೆಣ ಸಿಕ್ಕರೆ ಅಲ್ಲೇ ಮಣ್ಣು ಮಾಡುತ್ತಾರೆ, ಸಿಗದಿದ್ದರೆ ಅದೂ ಇಲ್ಲ. ಸರ್ಕಾರದ ಕಾಗದಕ್ಕೆ ಸುದ್ದಿ ತಲುಪುವುದೇ ಅಪರೂಪ.

ನೀರೇ ಊರಿಗೆ ಬಂದಾಗ

ಹವಾಮಾನ ಬದಲಾವಣೆಗೂ ಇದಕ್ಕೂ ಏನು ನಂಟು? ಎರಡು ಬಗೆಯ ನಂಟಿದೆ.

ಒಂದು ಎಲ್ಲರಿಗೂ ಗೊತ್ತಿರುವಂಥದ್ದು. ಬಿಸಿಯಾದ ಗಾಳಿ ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ, ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿ ಎರಡು ದಿನ ಸುರಿದ ಮಳೆಗೆ 400ಕ್ಕೂ ಹೆಚ್ಚು ಜನ ಬಲಿಯಾದರು. ಅಂಥ ಮಳೆ ಹಿಂದೆ 40 ವರ್ಷಕ್ಕೊಮ್ಮೆ ಬರುವಂಥದ್ದಾಗಿತ್ತು, ಈಗ 20 ವರ್ಷಕ್ಕೊಮ್ಮೆ ಬರಬಹುದು ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ಗುಂಪು ಲೆಕ್ಕ ಹಾಕಿತು. ಅಂದರೆ ಒಬ್ಬರ ಜೀವಮಾನದಲ್ಲಿ ಅದು ಮೂರು ನಾಲ್ಕು ಬಾರಿ ಬರಬಹುದು.

ಇನ್ನೊಂದು ನಂಟು ಸುದ್ದಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ನೀರಿನ ಒಡನಾಟವೇ ಇಲ್ಲದ ಜನರ ಬಾಗಿಲಿಗೆ ಈಗ ನೀರು ಬಂದು ನಿಲ್ಲುತ್ತಿದೆ. ಕೀನ್ಯಾದ ರಿಫ್ಟ್ ಕಣಿವೆಯ ಬರಿಂಗೊ ಕೆರೆ 2010ರ ನಂತರ ಹಿಗ್ಗುತ್ತಲೇ ಹೋಗಿ ಮನೆ, ಶಾಲೆ, ಆಸ್ಪತ್ರೆಗಳನ್ನು ನುಂಗಿತು. ಸುತ್ತಲಿನವರು ಹೆಚ್ಚಾಗಿ ದನ, ಮೇಕೆ ಸಾಕಿ ಬದುಕುವವರು. ನಡೆದು ಶಾಲೆಗೆ ಹೋಗುತ್ತಿದ್ದ ಅವರ ಮಕ್ಕಳು ಈಗ ದೋಣಿ ಹತ್ತಬೇಕು. ಕೆರೆಯಲ್ಲಿ ಮೊಸಳೆಯೂ ಇದೆ. ಕೀನ್ಯಾ, ಉಗಾಂಡ, ತಾಂಜಾನಿಯಾಗಳ ನಡುವಿನ ವಿಕ್ಟೋರಿಯಾ ಸರೋವರದ ಮಟ್ಟ 2020ರಲ್ಲಿ 1964ರ ಹಳೆಯ ದಾಖಲೆಯನ್ನು ಮುರಿಯಿತು. 2024ರಲ್ಲಿ ಅದನ್ನೂ ದಾಟಿತು. ದಡದ ಓಣಿಗಳಲ್ಲಿ ತಿಂಗಳುಗಟ್ಟಲೆ ನೀರು ನಿಂತಿತು.

ಹೀಗೆ ನಿಂತ ನೀರು ಟೀವಿಯಲ್ಲಿ ಬರುವುದಿಲ್ಲ. ಅದು ಕೊಚ್ಚಿಕೊಂಡು ಹೋಗುವ ನೀರಲ್ಲ. ಆದರೆ ಅದೇ ನೀರು ಮನೆ ಮುಂದಿನ ಹಳ್ಳವನ್ನು ಮುಚ್ಚಿಬಿಡುತ್ತದೆ, ರಸ್ತೆ ಎಲ್ಲಿ ಮುಗಿದು ಗುಂಡಿ ಎಲ್ಲಿ ಶುರು ಅಂತ ತಿಳಿಯದ ಹಾಗೆ ಮಾಡುತ್ತದೆ. 2024ರ ಏಪ್ರಿಲ್ ಕೊನೆಯಲ್ಲಿ ಕೀನ್ಯಾದ ಗರಿಸ್ಸಾ ಹತ್ತಿರ ತಾನಾ ನದಿ ಉಕ್ಕಿ ಹೆದ್ದಾರಿ ಮುಳುಗಿತು. ದಾಟಲೇಬೇಕಿದ್ದ ಜನ ದೋಣಿ ಹತ್ತಿದರು, ಒಂದು ದೋಣಿ ಮಗುಚಿತು. ದೋಣಿಯಲ್ಲಿ ಓಡಾಡಿ ಅಭ್ಯಾಸವಿಲ್ಲದ ಜನ ದೋಣಿ ಹತ್ತಲೇಬೇಕಾದ ಇಂಥ ಸಂದರ್ಭಗಳಲ್ಲೇ ತೇಲುವ ಕಲೆಗೆ ಬೆಲೆ ಬರುವುದು.

ಕಲಿಸುವುದು ಏನನ್ನು?

'ಈಜು' ಎಂದ ಕೂಡಲೇ ಕಣ್ಣಿಗೆ ಬರುವುದು ಕೈಬೀಸಿ ಮುಂದೆ ಹೋಗುವವರ ಚಿತ್ರ. ಸರ್ವೈವಲ್ ಸ್ವಿಮ್ಮಿಂಗ್ ಎಂದು ಕರೆಯುವ ಈ ಪಾಠದಲ್ಲಿ ಅದು ಕೊನೆಗೆ ಬರುವ ಸಂಗತಿ. ದಕ್ಷಿಣ ಆಫ್ರಿಕಾದ ನ್ಯಾಷನಲ್ ಸೀ ರೆಸ್ಕ್ಯೂ ಇನ್‌ಸ್ಟಿಟ್ಯೂಟ್ ಎಂಬ ಕಡಲ ರಕ್ಷಣಾ ಸಂಸ್ಥೆ ಕಲಿಸುವುದು ನಾಲ್ಕೇ ನಾಲ್ಕು ವಿಷಯ. ಉಸಿರು ಹಿಡಿತದಲ್ಲಿಟ್ಟುಕೊಳ್ಳುವುದು, ನೀರೊಳಗೆ ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿದು ತಿರುಗುವುದು, ತೇಲುವುದು, ಐದು ಮೀಟರ್ ದೂರ ಸರಿಯುವುದು.

ಐದು ಮೀಟರ್ ತೀರಾ ಕಡಿಮೆ ಅನ್ನಿಸಬಹುದು. ಮುಳುಗುವವರಿಗೆ ಆ ಕ್ಷಣ ಏನಾಗುತ್ತದೆ ಎಂದು ನೋಡಿದರೆ ಆ ಐದು ಮೀಟರ್ ಎಷ್ಟು ದೊಡ್ಡದು ಅಂತ ಅರ್ಥವಾಗುತ್ತದೆ.

ಈಜು ಬಾರದ ಮಗು ಆಳದ ನೀರಿಗೆ ಬಿದ್ದರೆ ದೇಹ ನೆಟ್ಟಗೆ ನಿಲ್ಲುತ್ತದೆ. ಕೈಗಳು ಏಣಿ ಹತ್ತುವಂತೆ ನೀರನ್ನು ಕೆಳಗೆ ಒತ್ತುತ್ತವೆ. ತಲೆಯನ್ನು ಆದಷ್ಟು ಮೇಲೆ ಎತ್ತಲು ನೋಡುತ್ತದೆ. ಇದೇ ತಪ್ಪಾಗುವುದು. ನೀರಿನ ಹೊರಗೆ ಬಂದ ತಲೆಗೆ ನೀರಿನ ಆಸರೆ ತಪ್ಪುತ್ತದೆ, ಆ ಭಾರ ಪೂರ್ತಿ ದೇಹವನ್ನು ಕೆಳಗೆ ದೂಡುತ್ತದೆ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗಿ ಮಾಡುತ್ತದೆ. ಉಸಿರಾಡಲೇ ಸಮಯ ಸಾಲದಾಗ ಕೂಗುವುದು ದೂರದ ಮಾತು. ಆದ್ದರಿಂದ ಮುಳುಗುವವರು ಸದ್ದಿಲ್ಲದೆ ಮುಳುಗುತ್ತಾರೆ, ಪಕ್ಕದಲ್ಲೇ ಇದ್ದವರಿಗೂ ಗೊತ್ತಾಗುವುದಿಲ್ಲ. ಒಂದು ನಿಮಿಷದೊಳಗೆ ಎಲ್ಲ ಮುಗಿದಿರಬಹುದು.

ಅದೇ ಮಗು ಅಂಗಾತ ಮಲಗಿ, ಕಿವಿಯನ್ನೂ ನೀರಿಗೆ ಬಿಟ್ಟು, ಎದೆ ತುಂಬ ಗಾಳಿ ಎಳೆದುಕೊಂಡರೆ ಏನಾಗುತ್ತದೆ? ಗಾಳಿ ತುಂಬಿದ ಶ್ವಾಸಕೋಶ ಬೆಂಡಿನ ಕೆಲಸ ಮಾಡುತ್ತದೆ. ಮೂಗು, ಬಾಯಿ ಮಾತ್ರ ಮೇಲಿದ್ದರೆ ಸಾಕು, ಉಳಿದದ್ದನ್ನು ನೀರೇ ಹೊರುತ್ತದೆ. ಬರೀ ಮಾತಿನಿಂದ ಇದು ಬರುವುದಿಲ್ಲ. ಕಿವಿಗೆ ನೀರು ಹೋದಾಗ ಆಗುವ ಗಾಬರಿಯನ್ನು ದೇಹ ಹತ್ತಾರು ಬಾರಿ ದಾಟಬೇಕು. ಪಾಠದಲ್ಲಿ ಬಹಳ ಹೊತ್ತು ಹೋಗುವುದು ಈ ಗಾಬರಿ ಬಿಡಿಸುವುದಕ್ಕೇ.

ಹರಿಯುವ ನೀರಿಗೆ ಇನ್ನೂ ಒಂದಿಷ್ಟು ಪಾಠ ಇದೆ. ಕೊಚ್ಚಿಹೋಗುವಾಗ ಅಂಗಾತ ಮಲಗಿ ಕಾಲು ಮುಂದೆ, ಅಂದರೆ ನೀರು ಹೋಗುವ ದಿಕ್ಕಿಗೆ ಇರಬೇಕು. ಬಂಡೆ, ಮರ ಎದುರಾದರೆ ಪೆಟ್ಟು ಕಾಲಿಗೆ ಬೀಳಲಿ, ತಲೆಗಲ್ಲ. ಎದ್ದು ನಿಲ್ಲಲು ನೋಡಬಾರದು, ಕಾಲು ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ನೀರು ಮೈಮೇಲೆ ಹಾದುಹೋಗುತ್ತದೆ. ಸೆಳೆತಕ್ಕೆ ಎದುರಾಗಿ ಹೋಗದೆ ಓರೆಯಾಗಿ ದಡದ ಕಡೆ ಸರಿಯಬೇಕು. ಎಲ್ಲಕ್ಕೂ ಮೊದಲು, ನೀರಿಗೆ ಇಳಿಯಲೇಬಾರದು. ರಭಸದ ನೀರು 15 ಸೆಂಟಿಮೀಟರ್ ಇದ್ದರೆ ದೊಡ್ಡವರನ್ನೂ ಬೀಳಿಸಬಲ್ಲದು. 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರು ತೇಲುತ್ತದೆ. 60 ಸೆಂಟಿಮೀಟರ್ ಆದರೆ ಹೆಚ್ಚಿನ ವಾಹನಗಳೆಲ್ಲ ಹೋದ ಹಾಗೆಯೇ.

ಇಲ್ಲಿಗೆ ಮೊದಲ ಗೊಂದಲ ಬಗೆಹರಿಯುತ್ತದೆ. ನೆರೆಯನ್ನು ಈಜಿ ಗೆಲ್ಲಲು ಯಾರೂ ಕಲಿಸುತ್ತಿಲ್ಲ. ಬಿದ್ದ ಗಳಿಗೆಗೂ ಏನಾದರೊಂದು ಕೈಗೆ ಸಿಗುವ ಗಳಿಗೆಗೂ ನಡುವೆ ಒಂದೆರಡು ನಿಮಿಷ ಇರುತ್ತದೆ. ಅಷ್ಟು ಹೊತ್ತು ಉಸಿರು ನಿಲ್ಲದಂತೆ ನೋಡಿಕೊಳ್ಳುವುದನ್ನು ಕಲಿಸುತ್ತಿದ್ದಾರೆ.

ಪುರಾವೆ ಬಂದದ್ದು ಬಾಂಗ್ಲಾದೇಶದಿಂದ

ಇದು ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿದ್ದು ಬಾಂಗ್ಲಾದೇಶದ ಹಳ್ಳಿಗಳಲ್ಲಿ. ಊರ ಕೊಳದಲ್ಲಿ ಬಿದಿರಿನ ಅಟ್ಟಣೆ ಕಟ್ಟಿ, ಊರಿನವರಿಗೇ ತರಬೇತಿ ಕೊಟ್ಟು, ಅವರಿಂದ ಮಕ್ಕಳಿಗೆ ಕಲಿಸಿದರು. 25 ಮೀಟರ್ ಈಜಬೇಕು, 30 ಸೆಕೆಂಡು ತೇಲಬೇಕು. ಅಷ್ಟಾದರೆ ಪಾಸು. ಸ್ವಿಮ್‌ಸೇಫ್ ಎಂಬ ಈ ಕಾರ್ಯಕ್ರಮದಲ್ಲಿ ಕಲಿತ ಮಕ್ಕಳು ಮುಳುಗಿ ಸಾಯುವ ಪ್ರಮಾಣ ಕಲಿಯದವರಿಗಿಂತ ಶೇ 90ಕ್ಕೂ ಹೆಚ್ಚು ಕಡಿಮೆ ಇತ್ತು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಡಿಮೆ ಖರ್ಚಿನಲ್ಲಿ ಇಷ್ಟು ಜೀವ ಉಳಿಸುವ ಕ್ರಮಗಳು ಸಾರ್ವಜನಿಕ ಆರೋಗ್ಯದಲ್ಲಿ ಹೆಚ್ಚಿಲ್ಲ.

ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಜನ ಮರೆಯುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಈಜು ಕಲಿಸಲಿಲ್ಲ. ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ಅವರನ್ನು ನೋಡಿಕೊಳ್ಳುವ ಶಿಶುಕೇಂದ್ರ ನಡೆಸಿದರು. ಅದರಿಂದ ಸಾವು ಶೇ 80ರಷ್ಟು ಇಳಿಯಿತು. ಐದು ವರ್ಷದೊಳಗಿನವರಿಗೆ ಬೇಕಿರುವುದು ಬೇಲಿ, ಬಾಗಿಲು, ನೋಡಿಕೊಳ್ಳುವ ಕಣ್ಣು. ಈಜಿನ ಪಾಠ ಅವರಿಗಲ್ಲ.

ಆದರೆ ಬಾಂಗ್ಲಾದ ಮಕ್ಕಳು ಹೆಚ್ಚಾಗಿ ಬೀಳುವುದು ಮನೆ ಹಿಂದಿನ ನಿಂತ ಕೊಳಕ್ಕೆ. ಆ ಶೇ 90ನ್ನು ಹಾಗೇ ಎತ್ತಿ ಆಫ್ರಿಕಾದ ನೆರೆಗೆ ಅಂಟಿಸಿದರೆ ಮೋಸವಾಗುತ್ತದೆ. ನೆರೆಯ ನೀರಿನಲ್ಲಿ ಫಲ ಅಷ್ಟು ಸಿಗದು. ನೆರೆ ಇಳಿದ ಮೇಲೆ ಉಳಿಯುವ ಗುಂಡಿಗಳು, ಇಟ್ಟಿಗೆ ಮಣ್ಣು ತೆಗೆದ ಹೊಂಡಗಳು, ಹಿಗ್ಗಿದ ಕೆರೆಯ ಅಂಚು, ದೋಣಿಯ ಓಡಾಟ, ಇಂಥ ಕಡೆ ಸಿಗುತ್ತದೆ. ಪಾಠದ ಪರ ವಾದ ಮಾಡುವವರು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಬೇಕು. ಹೇಳದೆ ಇದ್ದರೆ ಮುಂದಿನ ದೊಡ್ಡ ನೆರೆಯ ದಿನ ಜನರ ನಂಬಿಕೆ ಹೋಗುತ್ತದೆ.

ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆಯೇ?

ಇದೆ, ಸಾಕಷ್ಟಿದೆ.

ಅವರ ಬಲವಾದ ಉದಾಹರಣೆ ಲಿಬಿಯಾದ ಡರ್ನಾ. 2023ರ ಸೆಪ್ಟೆಂಬರ್ 11ರ ನಸುಕಿಗೆ ಡೇನಿಯಲ್ ಚಂಡಮಾರುತದ ಮಳೆಗೆ ಎರಡು ಹಳೆಯ ಅಣೆಕಟ್ಟುಗಳು ಒಡೆದು, ಮಲಗಿದ್ದ ಊರಿನ ಮೇಲೆ ನೀರು ನುಗ್ಗಿತು. ಸಾವಿರಾರು ಜನ ಸತ್ತರು. ಅಲ್ಲಿ ಒಲಿಂಪಿಕ್ ಈಜುಗಾರರಿದ್ದರೂ ಬದುಕುತ್ತಿರಲಿಲ್ಲ. ಅಣೆಕಟ್ಟಿನ ದುರಸ್ತಿ ಆಗಬೇಕಿತ್ತು, ಜನರನ್ನು ಸಂಜೆಯೇ ಎತ್ತರಕ್ಕೆ ಕಳಿಸಬೇಕಿತ್ತು. ಮಲಾವಿಯಲ್ಲಿ 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಬಂದಾಗ ಬ್ಲಾಂಟೈರ್ ಸುತ್ತ ಹೆಚ್ಚು ಜನರನ್ನು ಕೊಂದದ್ದು ಗುಡ್ಡದಿಂದ ಜಾರಿದ ಕೆಸರು, ಕಲ್ಲು. ಕೆಸರಿನಲ್ಲಿ ತೇಲಲು ಆಗುವುದಿಲ್ಲ.

ಎರಡನೆಯ ಮಾತು, ಈಜು ಬಂದರೆ ಧೈರ್ಯ ಜಾಸ್ತಿಯಾಗಿ ಮಕ್ಕಳು ನೀರಿಗೆ ಇಳಿಯುತ್ತಾರೆ ಎಂಬುದು. ಊರಿನ ಹಿರಿಯರು ಎಲ್ಲ ಕಡೆ ಹೇಳುವ ಮಾತಿದು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬಾಂಗ್ಲಾದ ಅಂಕಿಗಳು ಇದಕ್ಕೆ ಭಾಗಶಃ ಉತ್ತರ ಕೊಡುತ್ತವೆ. ಧೈರ್ಯದಿಂದ ಆಗುವ ಹಾನಿ ದೊಡ್ಡದಾಗಿದ್ದರೆ ಸಾವು ಅಷ್ಟು ಇಳಿಯುತ್ತಿರಲಿಲ್ಲ. ಆದರೂ ಏನನ್ನು ಕಲಿಸುತ್ತೀರಿ ಎಂಬುದರ ಮೇಲೆ ಇದು ನಿಂತಿದೆ. ವೇಗ, ದೂರ, ಪದಕ ಎಂದು ಕಲಿಸಿದರೆ ಧೈರ್ಯ ಬರುತ್ತದೆ. ಬಿದ್ದರೆ ಏನು, ಇಳಿಯಬಾರದ ನೀರು ಯಾವುದು ಎಂದು ಕಲಿಸಿದರೆ ಎಚ್ಚರ ಬರುತ್ತದೆ. ಇನ್ನೊಬ್ಬರು ಮುಳುಗುವಾಗ ಹಾರಬೇಡ, ಕೋಲು ಚಾಚು, ಖಾಲಿ ಕ್ಯಾನ್ ಎಸೆ ಎಂಬ ಭಾಗವಂತೂ ಬಿಡಲೇಬಾರದು. ತಮ್ಮನನ್ನು ಉಳಿಸಲು ಹಾರಿದ ಅಕ್ಕ, ಅಕ್ಕನ ಹಿಂದೆ ಹಾರಿದ ಅಪ್ಪ ಎಲ್ಲರೂ ಹೋದ ಸುದ್ದಿ ಯಾವ ದೇಶದ ಪತ್ರಿಕೆಯಲ್ಲಾದರೂ ಸಿಗುತ್ತದೆ. ದಕ್ಷಿಣ ಆಫ್ರಿಕಾದ ದಡಗಳಲ್ಲಿ 2017ರಿಂದ ಕಂಬಕ್ಕೆ ನೇತುಹಾಕಿರುವ ಗುಲಾಬಿ ಬಣ್ಣದ ತೇಲುಬೆಂಡುಗಳನ್ನು ಎಸೆದು ನೂರಕ್ಕೂ ಹೆಚ್ಚು ಜನರನ್ನು ಉಳಿಸಿದ್ದಾರೆ. ಎಸೆಯಲು ಏನೋ ಇದ್ದರೆ ಹಾರುವ ಅಗತ್ಯ ಬೀಳುವುದಿಲ್ಲ.

ಮೂರನೆಯದು ವಯಸ್ಸಿನ ಪ್ರಶ್ನೆ. ವಿಕ್ಟೋರಿಯಾ ಸರೋವರದಲ್ಲಿ ಸಾಯುವವರಲ್ಲಿ ಬಹಳ ಜನ ದುಡಿಯುವ ವಯಸ್ಸಿನ ಮೀನುಗಾರರು. ಉಗಾಂಡದ ದಾಖಲೆಗಳನ್ನು ನೋಡಿದ ಸಂಶೋಧಕರಿಗೆ ಅರ್ಧದಷ್ಟು ಪ್ರಕರಣಗಳು ದೋಣಿಗೆ ಸಂಬಂಧಿಸಿದವು ಎಂದು ಕಂಡಿತು. ರಾತ್ರಿ ಬಲೆ ಹಾಕುವಾಗ ಬಿರುಗಾಳಿ ಎದ್ದರೆ ದಡ ಕಿಲೋಮೀಟರುಗಟ್ಟಲೆ ದೂರ. ಅಲ್ಲಿ ಬೇಕಾದದ್ದು ಲೈಫ್ ಜಾಕೆಟ್, ಮತ್ತೆ ಸಂಜೆಯೇ ಸಿಗುವ ಹವಾಮಾನ ಸುದ್ದಿ. ವಿಶ್ವ ಹವಾಮಾನ ಸಂಸ್ಥೆ ಹೈವೇ ಎಂಬ ಯೋಜನೆಯಲ್ಲಿ ಈ ಸರೋವರದ ಮೀನುಗಾರರಿಗಾಗಿಯೇ ಮುನ್ಸೂಚನೆ ಕೊಡಿಸಿತು, ಅದರಿಂದ ಹವಾಮಾನದ ಕಾರಣಕ್ಕೆ ಆಗುವ ಸಾವು ಸುಮಾರು ಶೇ 30ರಷ್ಟು ತಗ್ಗಿತು ಎಂಬ ಅಂದಾಜಿದೆ. ಶಾಲೆಯ ಈಜು ಪಾಠ ಈ ಮೀನುಗಾರರನ್ನು ಮುಟ್ಟುವುದೇ ಇಲ್ಲ.

ಇವನ್ನೆಲ್ಲ ಒಪ್ಪಿಕೊಂಡ ಮೇಲೂ ಪಾಠದ ಅಗತ್ಯ ಉಳಿಯುತ್ತದೆ. ತಾಂಜಾನಿಯಾದ ಎಂವಿ ನ್ಯೆರೆರೆ ದೋಣಿ 2018ರ ಸೆಪ್ಟೆಂಬರ್ 20ರಂದು ಉಕಾರಾ ದ್ವೀಪದ ದಡಕ್ಕೆ ತೀರಾ ಹತ್ತಿರ ಬಂದು ಮಗುಚಿತು. ನೂರು ಜನ ಹಿಡಿಸುವ ದೋಣಿಯಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ ಜನರಿದ್ದರು, 228 ಜನ ಸತ್ತರು. ತಪ್ಪು ಜನರನ್ನು ತುಂಬಿದವರದ್ದು. ದೋಣಿಯ ಒಳಗೆ ಸಿಕ್ಕಿಬಿದ್ದವರಿಗೆ ಯಾವ ವಿದ್ಯೆಯೂ ನೆರವಾಗದು. ಆದರೆ ದಡ ಕಣ್ಣಿಗೆ ಕಾಣುತ್ತಿದ್ದಾಗ ನೀರಿಗೆ ಎಸೆಯಲ್ಪಟ್ಟವರ ಮಟ್ಟಿಗೆ ಐದು ನಿಮಿಷ ತೇಲಲು ಬರುವುದಕ್ಕೂ ಬಾರದಿರುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಎಲ್ಲಿ ಕಲಿಸುವುದು?

ತಾತ್ವಿಕ ಜಗಳಕ್ಕಿಂತ ದೊಡ್ಡ ತೊಡಕು ಇದು. ಆಫ್ರಿಕಾದಲ್ಲಿ ಕೆರೆ, ನದಿಗಳಿಗೆ ಬರವಿಲ್ಲ. ಆದರೆ ಬಹಳ ಕಡೆ ಆ ನೀರಿಗೆ ಮಕ್ಕಳನ್ನು ಇಳಿಸುವ ಹಾಗಿಲ್ಲ.

ಮೊಸಳೆ, ನೀರಾನೆಗಳ ಭಯ ಎಲ್ಲರಿಗೂ ತಿಳಿದದ್ದು. ಕಣ್ಣಿಗೆ ಕಾಣದ ಅಪಾಯ ಬಿಲ್ಹಾರ್ಜಿಯಾ ಎಂಬ ರೋಗ. ಇದರ ಹುಳು ಸಿಹಿನೀರಿನ ಒಂದು ಜಾತಿಯ ಬಸವನಹುಳುವಿನಲ್ಲಿ ಬೆಳೆದು ನೀರಿಗೆ ಬರುತ್ತದೆ, ಅಲ್ಲಿಂದ ಮನುಷ್ಯರ ಚರ್ಮ ಕೊರೆದು ಒಳಗೆ ಹೋಗುತ್ತದೆ. ಬಸವನಹುಳು ಇರುವುದು ಜೊಂಡು ಬೆಳೆದ, ಅಲೆಯಿಲ್ಲದ, ಮೊಣಕಾಲುದ್ದದ ನೀರಿನಲ್ಲಿ. ಪಾಠ ಕಲಿಸಲು ಸುರಕ್ಷಿತ ಎಂದು ಯಾರಾದರೂ ಆರಿಸುವ ಜಾಗವೂ ಅದೇ. ಈ ರೋಗಕ್ಕೆ ಚಿಕಿತ್ಸೆ ಬೇಕಿರುವವರಲ್ಲಿ ಹತ್ತರಲ್ಲಿ ಒಂಬತ್ತು ಜನ ಆಫ್ರಿಕಾದವರು. ಪ್ರಾಜಿಕ್ವಾಂಟೆಲ್ ಎಂಬ ಅಗ್ಗದ ಮಾತ್ರೆಯಿಂದ ವಾಸಿಯಾಗುತ್ತದೆ, ಆದರೆ ಅದೇ ನೀರಿಗೆ ಮತ್ತೆ ಇಳಿದರೆ ಮತ್ತೆ ಬರುತ್ತದೆ. ಹೀಗಾಗಿ ಈಜು ಕಲಿಸುವವರು ಆರೋಗ್ಯ ಇಲಾಖೆಯನ್ನು ಜೊತೆಗೆ ಕರೆದುಕೊಳ್ಳದೆ ಒಂದು ಹೆಜ್ಜೆಯೂ ಇಡಬಾರದು.

ಇದಕ್ಕೆ ಸಿಕ್ಕಿರುವ ಒಂದು ಉಪಾಯ ದಕ್ಷಿಣ ಆಫ್ರಿಕಾದ ರೀಬೀಕ್-ಕಾಸ್ಟೀಲ್ ಎಂಬ ಸಣ್ಣ ಊರಿನ ಪ್ರಾಥಮಿಕ ಶಾಲೆಯಲ್ಲಿದೆ. ಹಡಗಿನಲ್ಲಿ ಸರಕು ಸಾಗಿಸುವ 12 ಮೀಟರ್ ಉದ್ದದ ಕಬ್ಬಿಣದ ಕಂಟೇನರನ್ನು ಅಂಗಳದಲ್ಲಿ ಇಟ್ಟು, ಅದರೊಳಗೆ 6 ಮೀಟರ್ ಉದ್ದ, 1 ಮೀಟರ್ ಆಳದ ತೊಟ್ಟಿ ಮಾಡಿದ್ದಾರೆ. ನೀರು ಶುದ್ಧ, ಬಾಗಿಲಿಗೆ ಬೀಗ, ಆಳ ಮಕ್ಕಳ ಎದೆಮಟ್ಟ. ಐದು ಮೀಟರ್ ಸರಿದರೆ ಪಾಸು ಎಂಬ ನಿಯಮಕ್ಕೆ ಆರು ಮೀಟರ್ ತೊಟ್ಟಿ ಸಾಕಾಗುತ್ತದೆ. ದೊಡ್ಡ ಈಜುಕೊಳ ಕಟ್ಟಿಸುವವರೆಗೆ ಕಾದಿದ್ದರೆ ಆ ಮಕ್ಕಳು ಕಲಿಯದೆಯೇ ದೊಡ್ಡವರಾಗುತ್ತಿದ್ದರು. ಈ ದೇಶದಲ್ಲಿ ಇನ್ನೊಂದು ಹಳೆಯ ಗಾಯವೂ ಇದೆ. ವರ್ಣಭೇದದ ಕಾಲದಲ್ಲಿ ಒಳ್ಳೆಯ ಕಡಲ ದಡಗಳು, ಈಜುಕೊಳಗಳು ಬಿಳಿಯರಿಗೆ ಮೀಸಲಾಗಿದ್ದವು. ಅಜ್ಜ ಅಜ್ಜಿಗೆ ನೀರಿಗಿಳಿಯಲು ಬಿಡದಿದ್ದ ಮನೆಗಳಲ್ಲಿ ಈಜು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬಂದೀತು?

ಈ ಕಂಟೇನರ್ ಬಡ ದೇಶಗಳಿಗೆ ದುಬಾರಿಯಾಗಬಹುದು. ಆದರೆ ಯೋಚನೆಯ ದಾರಿ ಸರಿಯಿದೆ.

ಹುಡುಗಿಯರನ್ನು ಬಿಟ್ಟರೆ ಅರ್ಧ ಊರನ್ನೇ ಬಿಟ್ಟ ಹಾಗೆ

ತಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪದ ಸುತ್ತ ಸಮುದ್ರವೇ. ಆದರೂ ಅಲ್ಲಿನ ಹೆಚ್ಚಿನ ಹುಡುಗಿಯರಿಗೆ ಈಜು ಬಾರದು. ಮೈ ಮುಚ್ಚುವ ಉಡುಪು, ಗಂಡಸರ ಎದುರು ನೀರಿಗೆ ಇಳಿಯಬಾರದೆಂಬ ಕಟ್ಟುಪಾಡು, ಎರಡೂ ಸೇರಿ ಅವರನ್ನು ದಡದಲ್ಲೇ ನಿಲ್ಲಿಸಿದ್ದವು. 2011ರ ಸೆಪ್ಟೆಂಬರ್ 10ರ ನಸುಕಿನಲ್ಲಿ, ಪೆಂಬಾ ದ್ವೀಪಕ್ಕೆ ಹೊರಟಿದ್ದ ಸ್ಪೈಸ್ ಐಲ್ಯಾಂಡರ್ ಹಡಗು ಮುಳುಗಿದಾಗ ಇನ್ನೂರಕ್ಕೂ ಹೆಚ್ಚು ಶವಗಳು ಸಿಕ್ಕವು. ಕಾಣೆಯಾದವರು ಅದಕ್ಕಿಂತ ಬಹಳ ಜಾಸ್ತಿ. ಬದುಕಿದವರಲ್ಲಿ ಹಲವರು ಹಾಸಿಗೆಯಂಥ ತೇಲುವ ವಸ್ತು ಹಿಡಿದು ಬೆಳಗಿನವರೆಗೆ ನೀರಿನಲ್ಲಿದ್ದವರು.

ಜಾಂಜಿಬಾರ್ ದ್ವೀಪದ ಉತ್ತರ ತುದಿಯ ನುಂಗ್ವಿಯಲ್ಲಿ ಪಂಜೆ ಪ್ರಾಜೆಕ್ಟ್ ಎಂಬ ಸಂಸ್ಥೆ ಹುಡುಗಿಯರಿಗೆ ಕಲಿಸುತ್ತದೆ. ಕಲಿಸುವವರು ಊರಿನ ಹೆಂಗಸರು. ತಲೆಯಿಂದ ಕಾಲಿನವರೆಗೆ ಮುಚ್ಚುವ ಈಜುಡುಗೆ ಹಾಕಿಕೊಂಡು ಶಾಲೆಯ ಹುಡುಗಿಯರು ಖಾಲಿ ಪ್ಲಾಸ್ಟಿಕ್ ಕ್ಯಾನುಗಳನ್ನು ತಬ್ಬಿ ಸಮುದ್ರದಲ್ಲಿ ತೇಲುತ್ತಾರೆ. ನಮ್ಮ ಹಳ್ಳಿಗಳ ಬಾವಿಯಲ್ಲಿ ಈಜು ಕಲಿಯುವವರ ಬೆನ್ನಿಗೆ ಸೋರೆಬುರುಡೆ, ಖಾಲಿ ಡಬ್ಬ ಕಟ್ಟುವುದಿಲ್ಲವೇ, ಅದೇ ಲೆಕ್ಕ. ಆ ಕ್ಯಾನಿನಲ್ಲೇ ಇನ್ನೊಂದು ಪಾಠವೂ ಅಡಗಿದೆ. ನೀರು ತುಂಬುವ, ಎಣ್ಣೆ ತುಂಬುವ ಕ್ಯಾನು ಪ್ರತಿ ಮನೆಯಲ್ಲೂ ಇರುತ್ತದೆ. ಮುಚ್ಚಳ ಬಿಗಿದ ಖಾಲಿ ಕ್ಯಾನು ಒಬ್ಬರನ್ನು ತೇಲಿಸಬಲ್ಲದು ಎಂದು ಹುಡುಗಿಗೆ ಗೊತ್ತಿದ್ದರೆ, ಮನೆಗೆ ನೀರು ನುಗ್ಗಿದಾಗ ಮೊದಲು ಕೈಹಾಕುವುದು ಅದಕ್ಕೇ. ತಮ್ಮ, ತಂಗಿಯರ ಕೈಗೂ ಒಂದೊಂದು ಕೊಡುತ್ತಾಳೆ.

ಉಡುಪು, ಕಲಿಸುವವರು, ಜಾಗ ಮೂರನ್ನೂ ಊರಿನ ರೀತಿಗೆ ಹೊಂದಿಸಿದ್ದರಿಂದಲೇ ತಾಯಂದಿರು ಒಪ್ಪಿದರು. ಹೊರಗಿನವರು ಬಂದು ತಮ್ಮ ಪದ್ಧತಿಯಲ್ಲೇ ಕಲಿಸುತ್ತೇವೆ ಎಂದು ಹಟ ಹಿಡಿದಿದ್ದರೆ ಗಂಡುಮಕ್ಕಳಷ್ಟೇ ಕಲಿತಿರುತ್ತಿದ್ದರು.

ಹಣ, ಹೊಣೆ ಮತ್ತು ಬಾವುಟ

ಮೊಜಾಂಬಿಕ್‌ನಲ್ಲಿ 2019ರ ಮಾರ್ಚ್ 14ರ ರಾತ್ರಿ ಇಡಾಯ್ ಚಂಡಮಾರುತ ಬೈರಾ ನಗರದ ಬಳಿ ದಡಕ್ಕೆ ಅಪ್ಪಳಿಸಿತು. ಬುಜಿ ಮತ್ತು ಪುಂಗ್ವೆ ನದಿಗಳು ಉಕ್ಕಿ ಬಯಲೆಲ್ಲ ಕಡಲಾಯಿತು. ಜನ ಸೂರಿನ ಮೇಲೆ, ಮರದ ಮೇಲೆ ದಿನಗಟ್ಟಲೆ ಕಾದರು. ಆ ದೇಶವೊಂದರಲ್ಲೇ 600ಕ್ಕೂ ಹೆಚ್ಚು ಜನ ಸತ್ತರು. ಹತ್ತಿರದಲ್ಲಿದ್ದ ಭಾರತದ ಸುಜಾತಾ, ಶಾರ್ದೂಲ್, ಸಾರಥಿ ಹಡಗುಗಳು ಮೊದಲು ನೆರವಿಗೆ ಹೋದವು, 192 ಜನರನ್ನು ಪಾರುಮಾಡಿದವು. ಆದರೆ ಹಡಗು, ಹೆಲಿಕಾಪ್ಟರ್ ಬರುವ ಮುಂಚಿನ ಗಂಟೆಗಳಲ್ಲಿ ಪಕ್ಕದ ಮನೆಯವರೇ ಗತಿ.

ಮೊಜಾಂಬಿಕ್‌ನಲ್ಲಿ ಅದಕ್ಕೊಂದು ಏರ್ಪಾಡೂ ಇದೆ. ಊರಿನವರೇ ಇರುವ ವಿಪತ್ತು ಸಮಿತಿಗಳು ಸೀಟಿ, ಮೈಕು, ಸೈಕಲ್ ಇಟ್ಟುಕೊಂಡು ಎಚ್ಚರಿಸುತ್ತವೆ. ಚಂಡಮಾರುತ ಹತ್ತಿರವಾದಂತೆ ನೀಲಿ, ಹಳದಿ, ಕೆಂಪು ಬಾವುಟ ಏರಿಸುತ್ತವೆ. ಬುಜಿ ನದಿ ದಂಡೆಯಲ್ಲಿ ಹಳ್ಳಿಗರೇ ಅಳತೆಕೋಲು ನೋಡಿ ನೀರಿನ ಮಟ್ಟವನ್ನು ರೇಡಿಯೊದಲ್ಲಿ ತಿಳಿಸುವ ವ್ಯವಸ್ಥೆ ಇಡಾಯ್‌ಗೂ ಬಹಳ ಮುಂಚೆ ಶುರುವಾಗಿತ್ತು. ತೇಲುವುದು, ಕ್ಯಾನು ಎಸೆಯುವುದು, ನೀರು ಕುಡಿದವರಿಗೆ ಉಸಿರು ಕೊಡುವುದು, ಇವನ್ನು ಇಂಥ ಸಮಿತಿಗಳ ತರಬೇತಿಗೆ ಸೇರಿಸಲು ಹೊಸ ಕಚೇರಿ ಬೇಕಿಲ್ಲ. 2027ರೊಳಗೆ ಜಗತ್ತಿನ ಎಲ್ಲರಿಗೂ ಮುನ್ನೆಚ್ಚರಿಕೆ ತಲುಪಬೇಕೆಂದು ವಿಶ್ವಸಂಸ್ಥೆ ಗುರಿ ಇಟ್ಟಿದೆ. ಆ ಗುರಿಗಾಗಿ ಖರ್ಚಾಗುವ ಹಣದಲ್ಲಿ ಒಂದು ಪಾಲು ಇದಕ್ಕೆ ಹೋದರೂ ಆರಂಭಕ್ಕೆ ಸಾಕಾದೀತು.

ಹೀಗೆ ಮಾಡಿದರೆ ಅಪಾಯವೂ ಇದೆ. ಈಜು ಪಾಠ ಕಡಿಮೆ ಖರ್ಚಿನದು, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಬೇಗ ಸಂಖ್ಯೆ ತೋರಿಸಬಹುದು. ಚರಂಡಿ, ಸೇತುವೆ, ಅಣೆಕಟ್ಟಿನ ದುರಸ್ತಿ, ದೋಣಿ ಪರವಾನಗಿಯ ತಪಾಸಣೆ ಇವು ಯಾವುದಕ್ಕೂ ಆ ಗುಣವಿಲ್ಲ. ಸರ್ಕಾರವೊಂದು ಸುಲಭದ ಕೆಲಸ ಮಾಡಿ ಕಷ್ಟದ್ದನ್ನು ಮುಂದೂಡಿದರೆ ಹೊಣೆ ಎಂಟು ವರ್ಷದ ಮಗುವಿನ ಹೆಗಲಿಗೆ ಬೀಳುತ್ತದೆ. ಹಾಗೆ ಆಗದಂತೆ ನೋಡಿಕೊಳ್ಳಲು ಒಂದು ದಾರಿ, ಪಾಠದ ಹಣವನ್ನು ಶಿಕ್ಷಣದ ಖಾತೆಯಲ್ಲಿಟ್ಟು ಒಡ್ಡು, ಸೇತುವೆಗಳ ಹಣವನ್ನು ಮುಟ್ಟದಿರುವುದು. ಇನ್ನೊಂದು, ನೆರೆ ಮತ್ತು ದೋಣಿಯ ಸಾವುಗಳನ್ನೂ ಮುಳುಗಿ ಸತ್ತವರ ಲೆಕ್ಕಕ್ಕೆ ಸೇರಿಸುವುದು. ಲೆಕ್ಕ ಸಿಕ್ಕರೆ ಯಾವ ಊರಿನಲ್ಲಿ ತೊಟ್ಟಿ ಬೇಕು, ಯಾವ ಊರಿನಲ್ಲಿ ಬೇಲಿ ಬೇಕು, ಎಲ್ಲಿ ಬರೀ ಒಂದು ಕಾಲುಸೇತುವೆ ಸಾಕು ಎಂದು ಗೊತ್ತಾಗುತ್ತದೆ.

ಕಲಿಸುವವರ ಸಂಬಳದ ಪ್ರಶ್ನೆ ಇನ್ನೂ ಹಾಗೇ ಇದೆ. ಈಗ ಹೆಚ್ಚಿನ ಕಡೆ ಪಾಠ ನಡೆಯುತ್ತಿರುವುದು ದಾನಿಗಳ ಹಣದಲ್ಲಿ. ವಿಕ್ಟೋರಿಯಾ ದಡದಲ್ಲಿರುವ ತಾಂಜಾನಿಯಾದ ಮ್ವಾನ್ಜಾ ನಗರದಲ್ಲಿ ಎಮೆಡೊ ಸಂಸ್ಥೆ ನಡೆಸುವ ಕೆಲಸಕ್ಕೂ ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆಯ ನೆರವಿದೆ. ದಾನಿ ಹೊರಟ ವರ್ಷ ತರಗತಿ ನಿಲ್ಲುತ್ತದೆ, ಆ ವರ್ಷ ಎಂಟು ತುಂಬಿದ ಮಕ್ಕಳು ಕಲಿಯದೇ ಉಳಿಯುತ್ತಾರೆ. ಬರಿಂಗೊ ದಡದ ಮಕ್ಕಳಾದರೋ ಮಾರನೆಯ ಬೆಳಿಗ್ಗೆಯೂ ಶಾಲೆಗೆ ಹೋಗಲು ದೋಣಿ ಹತ್ತಲೇಬೇಕು.